ಲಿವರ್ ಕ್ಯಾನ್ಸರಿಗೆ ರಕ್ತನಾಳ ಮುಚ್ಚುವ ಚಿಕಿತ್ಸೆ: ಒಬ್ಬ ದಾನಿಗಳ ಪತ್ರಕ್ಕೆ ಉತ್ತರ

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ದಿನ ನಗರಗೆರೆಯಲ್ಲಿ ಮಾಡಿದ ಭಾಷಣ)

 

ಪ್ರತಿ ವರ್ಷ ಈ ಹೊತ್ತಿಗೆ ನಾವು ಅಂಕಪಟ್ಟಿ, ಅರ್ಜಿ ನಮೂನೆ, ಬ್ಯಾಂಕ್ ಪಾಸ್‌ಬುಕ್ ಬಗ್ಗೆ ಮಾತಾಡಿ ಕುಳಿತುಬಿಡುತ್ತೇವೆ. ಈ ಸಲ ಅದನ್ನು ಕಾರ್ಯದರ್ಶಿಗಳು ಹೇಳುತ್ತಾರೆ. ನಮಗೆ ಒಂದು ಪತ್ರಕ್ಕೆ ಉತ್ತರ ಕೊಡುವುದಿದೆ. ಬಹಳ ವರ್ಷದಿಂದ ನಮ್ಮ ಜೊತೆಗಿರುವ ದಾನಿಗಳೊಬ್ಬರು ಬರೆದದ್ದು. ಸಾರಾಂಶ ಇಷ್ಟು: "ಲಿವರ್ ಕ್ಯಾನ್ಸರ್ ಆದ ಒಬ್ಬರಿಗೆ ದೊಡ್ಡ ಚಿಕಿತ್ಸೆ ಮಾಡಿಸಬೇಕೆಂದು ಜುಮಾ ದಿನ ನೀವೇ ಮೈಕಿನಲ್ಲಿ ಹಣ ಕೇಳಿದಿರಿ. ಕೊಟ್ಟೆವು. ಆಮೇಲೆ ಕಡಿಮೆ ಖರ್ಚಿನ ಚಿಕಿತ್ಸೆ ಮಾಡಿಸಿದಿರಿ. ಅವರು ತೀರಿಕೊಂಡರು. ಹಣ ಇದ್ದೂ ಹೀಗೇಕೆ ಮಾಡಿದಿರಿ?"

ಪ್ರಶ್ನೆ ನ್ಯಾಯವಾದದ್ದು. ಅಮಾನತ್ತಿನ ಹಣಕ್ಕೆ ಲೆಕ್ಕ ಕೇಳುವ ಹಕ್ಕು ಕೊಟ್ಟವರಿಗೆ ಇದೆ. ಉತ್ತರ ಮಾತ್ರ ಎರಡು ಸಾಲಿನಲ್ಲಿ ಮುಗಿಯುವುದಿಲ್ಲ. ಆದ್ದರಿಂದ ಆ ಕುಟುಂಬದವರ ಒಪ್ಪಿಗೆ ಪಡೆದು, ಹೆಸರು ಹೇಳದೆ, ನಡೆದದ್ದನ್ನು ಹೇಳುತ್ತೇವೆ. ನಾವು ಡಾಕ್ಟರರಲ್ಲ. ಬಿ.ಎಡ್. ಮಾಡಿ, ಮೂವತ್ತು ವರ್ಷಕ್ಕೆ ಮೇಲೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ತಿಳಿದವರನ್ನು ಕೇಳಿ, ಬರೆದುಕೊಂಡು, ಮತ್ತೆ ಅವರಿಗೇ ತೋರಿಸಿ ತಿದ್ದಿಸಿಕೊಂಡಿದ್ದೇವೆ. ಪಾಠದ ಟಿಪ್ಪಣಿ ಮಾಡುತ್ತಿದ್ದ ಹಳೆಯ ಅಭ್ಯಾಸ.

ಎರಡು ವರ್ಷದ ಹಿಂದೆ ಬಂದ ಆ ಮನುಷ್ಯ ನಮ್ಮ ಹೋಬಳಿಯವರೇ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಇಪ್ಪತ್ತು ವರ್ಷ ದುಡಿದವರು. ಐವತ್ತು ದಾಟಿರಲಿಲ್ಲ. ಮಗಳು ನಮ್ಮ ವಿದ್ಯಾರ್ಥಿವೇತನದಲ್ಲಿ ಪಿ.ಯು.ಸಿ. ಮುಗಿಸಿ ನರ್ಸಿಂಗ್ ಸೇರುವುದರಲ್ಲಿದ್ದಳು. ಹೊಟ್ಟೆಯ ಬಲಗಡೆ ಭಾರ, ಊಟ ಸೇರದು ಎಂದು ತೋರಿಸಿದರೆ, ಲಿವರಿನ ಎರಡೂ ಭಾಗದಲ್ಲಿ ಗಡ್ಡೆಗಳು. ಊರಿನಲ್ಲಿ ಕೆಲವರು "ಗುಟ್ಟಾಗಿ ಕುಡಿಯುತ್ತಿದ್ದನೇನೋ" ಅಂದರು. ಆ ಮನುಷ್ಯ ಜೀವನದಲ್ಲಿ ಒಂದು ಹನಿ ಮುಟ್ಟಿದವರಲ್ಲ. ಕಾರಣ ಹೆಪಟೈಟಿಸ್ ಬಿ ಎಂಬ ವೈರಸ್. ಆ ಮಾತಿಗೆ ಕೊನೆಗೆ ಬರುತ್ತೇವೆ. ರೋಗಿಯ ಮನೆಯವರಿಗೆ ರೋಗದ ಜೊತೆ ಈ ಗುಸುಗುಸು ಬೇರೆ ಹೊರಿಸಬೇಡಿ ಎಂದಷ್ಟೇ ಈಗ ಕೇಳಿಕೊಳ್ಳುತ್ತೇವೆ.

ಶಸ್ತ್ರಚಿಕಿತ್ಸೆ ಮಾಡಿ ತೆಗೆಯುವ ಹಂತ ಮೀರಿತ್ತು. ಲಿವರ್ ಬದಲಾಯಿಸುವುದೂ ಆಗದು ಎಂದರು. ಒಂದು ಆಸ್ಪತ್ರೆಯಲ್ಲಿ ವಿಕಿರಣ ಸೂಸುವ ಮಣಿಗಳನ್ನು ರಕ್ತನಾಳದ ಮೂಲಕ ಕಳಿಸುವ ಚಿಕಿತ್ಸೆಗೆ ಅಂದಾಜು ಪಟ್ಟಿ ಕೊಟ್ಟರು. ಅನೇಕ ಲಕ್ಷ. ಮನೆಯವರು 30 ಗುಂಟೆ ಹೊಲ ಮಾರಲು ಮುಂಗಡ ತೆಗೆದುಕೊಂಡರು. ಮಗಳು ನರ್ಸಿಂಗ್ ಬೇಡ ಎಂದು ತಾನೇ ಹೇಳಿದಳು. ಅವಳಿಗೆಂದು ಎತ್ತಿಟ್ಟಿದ್ದ ಶುಲ್ಕದ ಹಣವೂ ಆ ಕಡೆಗೆ ಹೊರಟಿತು. ನಾವೇನು ಮಾಡಿದೆವು? ಪಟ್ಟಿಯನ್ನು ಸರಿಯಾಗಿ ಓದದೆ, ಯಾರನ್ನೂ ಕೇಳದೆ, ಮೈಕ್ ಹಿಡಿದು "ಜೀವದ ಪ್ರಶ್ನೆ, ಜಿಪುಣತನ ಮಾಡಬೇಡಿ" ಎಂದೆವು. ಹೆಚ್ಚು ಬೆಲೆಯದೇ ಹೆಚ್ಚು ಒಳ್ಳೆಯದು ಎಂದು ನಂಬಿದ್ದೆವು. ಸೀರೆ ಅಂಗಡಿಯ ಬುದ್ಧಿಯನ್ನು ಆಸ್ಪತ್ರೆಗೆ ತೆಗೆದುಕೊಂಡು ಹೋಗಿದ್ದೆವು. ತಪ್ಪು ನಮ್ಮದು.

ನಮ್ಮಲ್ಲಿ ಎಂಟನೇ ತರಗತಿಯಿಂದ ಓದಿದ ಒಬ್ಬ ಹುಡುಗಿ ಈಗ ಬೆಂಗಳೂರಿನಲ್ಲಿ ರೇಡಿಯಾಲಜಿ ಡಾಕ್ಟರು. ಸ್ಕ್ಯಾನ್ ಕಾಗದಗಳನ್ನು ಆಕೆಗೆ ತೋರಿಸಿದೆವು. ಆಕೆ ಮೊದಲು ಕೇಳಿದ್ದು ಹಣದ ವಿಷಯವಲ್ಲ. "ಸರ್, ಇದು ಗುಣಪಡಿಸುವ ಚಿಕಿತ್ಸೆಯಲ್ಲ, ಉಪಶಮನದ್ದು ಎಂದು ರೋಗಿಗೆ ಯಾರಾದರೂ ಹೇಳಿದ್ದಾರಾ?" ನಮಗೆ ಮಾತು ಬರಲಿಲ್ಲ. ಹಿಂದಿನ ವಾರವಷ್ಟೇ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಅವರು ನಮ್ಮನ್ನು "ಮೇಷ್ಟ್ರೇ, ವಾಸಿಯಾಗುತ್ತಾ?" ಎಂದಿದ್ದರು. "ಆಗುತ್ತೆ, ಇನ್ಶಾ ಅಲ್ಲಾ" ಎಂದುಬಿಟ್ಟಿದ್ದೆವು. ಅದನ್ನು ಹೇಳಿದಾಗ ಆಕೆ, "ಇನ್ಶಾ ಅಲ್ಲಾ ಅನ್ನಿ ಸರ್, ಅದು ನಿಮ್ಮ ದುವಾ. ಮೊದಲ ಮಾತು ಹೇಳಬೇಡಿ" ಎಂದಳು.

ಆಮೇಲೆ ಆಕೆ ವಿವರಿಸಿದ್ದನ್ನು ನಮ್ಮ ಊರಿನ ಮಾತಿನಲ್ಲಿ ಹೇಳುತ್ತೇವೆ. ಒಂದು ತೋಟಕ್ಕೆ ಎರಡು ಕಡೆಯಿಂದ ನೀರು ಬರುತ್ತದೆ ಎಂದುಕೊಳ್ಳಿ. ಕೆರೆಯ ಕಾಲುವೆ ಒಂದು, ಬೋರ್‌ವೆಲ್ ಪೈಪು ಒಂದು. ಲಿವರಿಗೂ ಹಾಗೆಯೇ. ಕರುಳಿನಿಂದ ಬರುವ ಪೋರ್ಟಲ್ ಅಭಿಧಮನಿ ಸುಮಾರು ಮುಕ್ಕಾಲು ಭಾಗ ರಕ್ತ ತರುತ್ತದೆ. ಹೃದಯದ ಕಡೆಯಿಂದ ಬರುವ ಅಪಧಮನಿ ಕಾಲು ಭಾಗ ತರುತ್ತದೆ. ಲಿವರಿನಲ್ಲಿ ಹುಟ್ಟುವ ಕ್ಯಾನ್ಸರ್ ಗಡ್ಡೆ ಮಾತ್ರ ಹೆಚ್ಚುಕಡಿಮೆ ತನ್ನ ಎಲ್ಲ ರಕ್ತವನ್ನೂ ಅಪಧಮನಿಯಿಂದಲೇ ಹೀರುತ್ತದೆ. ಬೋರ್‌ವೆಲ್ ನೀರನ್ನೇ ಕುಡಿಯುವ ಕಳೆಯ ಹಾಗೆ. ಆ ಕಳೆಗೆ ಹೋಗುವ ಕವಲನ್ನು ಮುಚ್ಚಿದರೆ ಕಳೆ ಒಣಗುತ್ತದೆ, ತೋಟ ಕಾಲುವೆ ನೀರಿನಲ್ಲಿ ಬದುಕುತ್ತದೆ. ಎಂಬೊಲೈಜೇಶನ್ ಎಂದರೆ ಇಷ್ಟೇ. ಕಾಲುವೆಯೇ ಬತ್ತಿದ್ದರೆ? ಪೋರ್ಟಲ್ ಅಭಿಧಮನಿಯ ಮುಖ್ಯ ಭಾಗದಲ್ಲೇ ಗಡ್ಡೆ ಬೆಳೆದು ಕಟ್ಟಿಕೊಂಡಿದ್ದರೆ, ಪೈಪನ್ನೂ ಮುಚ್ಚುವುದು ಅಪಾಯ. ಕಾಮಾಲೆ ಏರಿದ್ದರೆ, ಹೊಟ್ಟೆಯಲ್ಲಿ ನೀರು ತುಂಬಿ ಲಿವರ್ ಸೋತಿದ್ದರೆ, ಆಗಲೂ ಸಾಮಾನ್ಯವಾಗಿ ಮಾಡುವುದಿಲ್ಲ. ಹಾಗಾಗಿ "ಯಾವ ಚಿಕಿತ್ಸೆ ಒಳ್ಳೆಯದು" ಎನ್ನುವ ಮೊದಲು "ಈ ಲಿವರ್ ತಡೆದುಕೊಳ್ಳುತ್ತದೆಯೇ" ಎಂದು ಕೇಳಬೇಕು.

ಮಾಡುವ ರೀತಿ ಹೀಗೆ. ತೊಡೆಯ ಸಂದಿಯಲ್ಲಿ ಅಥವಾ ಮಣಿಕಟ್ಟಿನಲ್ಲಿ ಚರ್ಮಕ್ಕೆ ಮರಗಟ್ಟುವ ಮದ್ದು ಕೊಟ್ಟು, ಅಪಧಮನಿಯೊಳಗೆ ತೆಳ್ಳನೆಯ ಕೊಳವೆ ತೂರಿಸಿ, ಎಕ್ಸ್‌ರೇ ಪರದೆಯಲ್ಲಿ ನೋಡುತ್ತಾ ಲಿವರಿನವರೆಗೆ ಒಯ್ಯುತ್ತಾರೆ. ಅಲ್ಲಿಂದ ಒಂದು ಮಿಲಿಮೀಟರಿಗಿಂತ ಸಣ್ಣದಾದ ಇನ್ನೊಂದು ಕೊಳವೆಯನ್ನು ಗಡ್ಡೆಯ ಕವಲಿಗೇ ಸೇರಿಸುತ್ತಾರೆ. ನಮ್ಮ ರೀಲರ್ ಸಾಹೇಬರು ಇದನ್ನು ಕೇಳಿ ನಕ್ಕು, "ಬಿಸಿನೀರಲ್ಲಿ ಗೂಡಿನ ಎಳೆ ಹುಡುಕಿದ ಹಾಗೆ" ಎಂದರು. ಅವರಿಗಿಂತ ಚೆನ್ನಾಗಿ ಹೇಳಲು ನಮ್ಮಿಂದ ಆಗಲಿಲ್ಲ.

ಆ ಕೊಳವೆಯಲ್ಲಿ ಏನು ಕಳಿಸುತ್ತಾರೆ ಎಂಬುದರಲ್ಲೇ ಬೆಲೆಯ ವ್ಯತ್ಯಾಸ ಇರುವುದು.

ಬರೀ ಮುಚ್ಚುವುದು ಒಂದು. ಔಷಧಿ ಇಲ್ಲ, ಸಣ್ಣ ಕಣಗಳನ್ನು ಕಳಿಸಿ ರಕ್ತ ನಿಲ್ಲಿಸುವುದು. ಜಪಾನಿನ ಒಸಾಕಾದ ಡಾಕ್ಟರ್ ಯಮಾಡ ಮತ್ತು ಸಂಗಡಿಗರು 120 ರೋಗಿಗಳಲ್ಲಿ ಮಾಡಿದ ಎಂಬೊಲೈಜೇಶನ್ ಅನುಭವವನ್ನು 1983ರಲ್ಲಿ ಪ್ರಕಟಿಸಿದ ಮೇಲೆ ಈ ದಾರಿ ಜಗತ್ತಿಗೆ ಚೆನ್ನಾಗಿ ಗೊತ್ತಾಯಿತು. ಎರಡನೆಯದು ಎಣ್ಣೆಯ ವಿಧಾನ, ಡಾಕ್ಟರರು ಟೇಸ್ ಎನ್ನುತ್ತಾರೆ. ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಕ್ಯಾನ್ಸರ್ ಔಷಧಿಯನ್ನು ಲಿಪಿಯೋಡಾಲ್ ಎಂಬ ಎಣ್ಣೆಯೊಂದಿಗೆ ಎರಡು ಸಿರಿಂಜುಗಳ ನಡುವೆ ಹಿಂದೆ ಮುಂದೆ ತಳ್ಳಿ, ಮಜ್ಜಿಗೆ ಕಡೆದ ಹಾಗೆ ಕಡೆದು ಬಿಡುತ್ತಾರೆ. ಹಿಂದೆಯೇ ಕಣಗಳಿಂದ ಬಾಗಿಲು ಮುಚ್ಚುತ್ತಾರೆ. ಆ ಎಣ್ಣೆ ಯಾವುದು ಗೊತ್ತೇ? ಅಯೋಡಿನ್ ಸೇರಿಸಿದ ಗಸಗಸೆ ಎಣ್ಣೆ! 1901ರಲ್ಲಿ ಫ್ರಾನ್ಸಿನಲ್ಲಿ ಮಾರ್ಸೆಲ್ ಗೆರ್ಬೆ ಎಂಬುವರು ತಯಾರಿಸಿದ್ದು. ನಮ್ಮ ಪಾಯಸದ ಗಸಗಸೆ ಅಲ್ಲಿಯವರೆಗೆ ಹೋಗಿದೆ.

ಮೂರನೆಯದು ಔಷಧಿ ಹೀರಿಸಿದ ಮಣಿಗಳು. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಿಂದ ಹತ್ತನೇ ಮೂರು ಭಾಗದಷ್ಟಿರುವ ಮಣಿಗಳು ಗಡ್ಡೆಯಲ್ಲಿ ಕುಳಿತು ಔಷಧಿಯನ್ನು ನಿಧಾನವಾಗಿ ಬಿಡುತ್ತವೆ. ಎಣ್ಣೆಗಿಂತ ಬೆಲೆ ಹೆಚ್ಚು. ನಾಲ್ಕನೆಯದು ನಮ್ಮ ಪಟ್ಟಿಯಲ್ಲಿದ್ದ ಇಟ್ರಿಯಂ-90 ಮಣಿಗಳು. ಕೂದಲ ದಪ್ಪಕ್ಕಿಂತ ಸಣ್ಣವು. ಇಲ್ಲಿ ಮುಚ್ಚುವುದಕ್ಕಿಂತ ವಿಕಿರಣದ್ದೇ ಕೆಲಸ, ಅದರ ಶಕ್ತಿ 64 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಮಣಿಗಳು ಶ್ವಾಸಕೋಶಕ್ಕೆ ಸೋರಿಹೋಗುತ್ತವೆಯೇ ಎಂದು ನೋಡಲು ಮೊದಲೇ ಒಂದು ಸಲ ಆಂಜಿಯೋಗ್ರಾಂ ಮತ್ತು ಸ್ಕ್ಯಾನ್ ಮಾಡಬೇಕು. ಆ ಖರ್ಚು ಬೇರೆ.

ಈಗ ನಿಜವಾದ ಪ್ರಶ್ನೆ: ಬೆಲೆ ಏರಿದ ಹಾಗೆ ಆಯುಷ್ಯವೂ ಏರುತ್ತದೆಯೇ?

ಏನೂ ಮಾಡದೆ ಇರುವುದಕ್ಕಿಂತ ಮಾಡುವುದು ಮೇಲು ಎಂಬುದು 2002ರಲ್ಲಿ ಗಟ್ಟಿಯಾಯಿತು. ಬಾರ್ಸಿಲೋನಾದಲ್ಲಿ ಆಯ್ದ 112 ರೋಗಿಗಳ ಅಧ್ಯಯನದಲ್ಲಿ, ಔಷಧಿ ಸಹಿತ ಮುಚ್ಚಿದವರಲ್ಲಿ ಎರಡು ವರ್ಷದ ನಂತರ 100ಕ್ಕೆ 63 ಜನ ಬದುಕಿದ್ದರು. ಲಕ್ಷಣಗಳಿಗೆ ಮಾತ್ರ ಮದ್ದು ಪಡೆದವರಲ್ಲಿ 27. ಅದೇ ವರ್ಷ ಹಾಂಗ್‌ಕಾಂಗಿನ ಅಧ್ಯಯನದಲ್ಲಿ ಎರಡು ವರ್ಷಕ್ಕೆ 31 ಮತ್ತು 11. ಎರಡೂ ಕಡೆ ಚಿಕಿತ್ಸೆ ಗೆದ್ದಿತು, ಆದರೆ 63 ಎಲ್ಲಿ, 31 ಎಲ್ಲಿ! ಹಾಂಗ್‌ಕಾಂಗಿನವರಲ್ಲಿ ದೊಡ್ಡ ಗಡ್ಡೆಯವರು, ಹೆಪಟೈಟಿಸ್ ಬಿ ಇದ್ದವರು ಹೆಚ್ಚು. ಯಾರೋ ಮೊಬೈಲಿನಲ್ಲಿ ಒಂದು ಅಂಕಿ ತೋರಿಸಿದರೆ ಅದು ಯಾವ ರೋಗಿಗಳ ಅಂಕಿ ಎಂದು ಕೇಳಿ. ಇದನ್ನು ಗಣಿತದ ಮೇಷ್ಟ್ರುಗಳು ಹತ್ತನೇ ತರಗತಿಯ ಸಂಖ್ಯಾಶಾಸ್ತ್ರದ ಪಾಠದಲ್ಲಿ ಒತ್ತಿ ಹೇಳಬೇಕು ಎಂದು ನಮಗೆ ಅನ್ನಿಸುತ್ತದೆ.

ಎಣ್ಣೆಗೂ ಔಷಧಿ ಮಣಿಗೂ ಹೋಲಿಸಿ ಯುರೋಪಿನಲ್ಲಿ 212 ರೋಗಿಗಳ ಮೇಲೆ ನಡೆದ ಅಧ್ಯಯನ 2010ರಲ್ಲಿ ಬಂತು. ಗಡ್ಡೆ ಕುಗ್ಗಿದ್ದು ಮಣಿಯಲ್ಲಿ 100ಕ್ಕೆ 52, ಎಣ್ಣೆಯಲ್ಲಿ 44. ಈ ಅಂತರ ಆಕಸ್ಮಿಕವೂ ಇರಬಹುದು ಎಂಬಷ್ಟು ಸಣ್ಣದು. ಲಿವರಿಗೆ ಆಗುವ ಪೆಟ್ಟು, ಕೂದಲು ಉದುರುವಂಥ ತೊಂದರೆ ಮಣಿಯಲ್ಲಿ ಕಡಿಮೆ ಇತ್ತು. ಇಟಲಿಯಲ್ಲಿ 177 ಜನರ ಅಧ್ಯಯನ 2014ರಲ್ಲಿ ಬಂತು. ಎರಡು ವರ್ಷದ ನಂತರ ಬದುಕಿದ್ದವರು ಮಣಿಯಲ್ಲಿ ಸುಮಾರು 57, ಎಣ್ಣೆಯಲ್ಲಿ 55. ಸಮ ಎಂದೇ ಹೇಳಬೇಕು. ಮಣಿ ಹಾಕಿಸಿಕೊಂಡವರಿಗೆ ಆನಂತರದ ನೋವು ಕಡಿಮೆ. ನೋವು ಸಣ್ಣ ವಿಷಯವಲ್ಲ, ಮಲಗಿದವರನ್ನು ಕೇಳಬೇಕು. ಆದರೆ ಅದಕ್ಕಾಗಿ ಹೊಲ ಮಾರಬೇಕೇ ಎಂಬುದು ಬೇರೆ ಪ್ರಶ್ನೆ. 2016ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು ಔಷಧಿ ಇಲ್ಲದ ಮಣಿಯನ್ನೂ ಔಷಧಿ ಇರುವ ಮಣಿಯನ್ನೂ 101 ರೋಗಿಗಳಲ್ಲಿ ಹೋಲಿಸಿದರು. ಎರಡೂ ಗುಂಪಿನವರು ಬದುಕಿದ್ದು ಮಧ್ಯಾಂಕದಲ್ಲಿ ಸುಮಾರು 20 ತಿಂಗಳು. ಹಾಗಾದರೆ ಕೆಲಸ ಮಾಡುವುದು ಔಷಧಿಯೋ, ಬರೀ ಮುಚ್ಚುವಿಕೆಯೋ ಎಂದು ಡಾಕ್ಟರರಲ್ಲೇ ಇಂದಿಗೂ ಚರ್ಚೆ ಇದೆ.

ವಿಕಿರಣ ಮಣಿಯ ಬಗ್ಗೆ ನ್ಯಾಯವಾಗಿ ಮಾತಾಡಬೇಕು. 2022ರಲ್ಲಿ ಪ್ರಕಟವಾದ ಬೆಲ್ಜಿಯಂನ ಒಂದು ಅಧ್ಯಯನದಲ್ಲಿ, 72 ರೋಗಿಗಳಲ್ಲಿ, ಔಷಧಿ ಮಣಿಗಿಂತ ವಿಕಿರಣ ಮಣಿ ಹಾಕಿಸಿಕೊಂಡವರು ಹೆಚ್ಚು ಕಾಲ ಬದುಕಿದರು. ಸುಮಾರು 30 ತಿಂಗಳು, ಎದುರಿಗೆ 16. ಸಣ್ಣ ಅಧ್ಯಯನ, ಆದರೂ ತಳ್ಳಿಹಾಕುವಂಥದ್ದಲ್ಲ. ಒಂದೇ ಗಡ್ಡೆ ಇದ್ದು ಲಿವರ್ ಗಟ್ಟಿಯಾಗಿರುವವರಿಗೆ ಡಾಕ್ಟರರು ಅದನ್ನೇ ಹೇಳಿದರೆ ಅದಕ್ಕೆ ಕಾರಣವಿರುತ್ತದೆ. ರೋಗ ಮುಂದುವರಿದವರಲ್ಲಿ ಕಥೆ ಬೇರೆ. ಫ್ರಾನ್ಸಿನಲ್ಲಿ 2017ರಲ್ಲಿ, ಏಷ್ಯಾ ಪೆಸಿಫಿಕ್ ದೇಶಗಳಲ್ಲಿ 2018ರಲ್ಲಿ ಬಂದ ಎರಡು ದೊಡ್ಡ ಅಧ್ಯಯನಗಳಲ್ಲಿ ವಿಕಿರಣ ಮಣಿ ಸೊರಾಫೆನಿಬ್ ಮಾತ್ರೆಗಿಂತ ಹೆಚ್ಚು ಆಯುಷ್ಯ ಕೊಡಲಿಲ್ಲ. ತೊಂದರೆ ಮಾತ್ರ ಮಾತ್ರೆಗಿಂತ ಕಡಿಮೆ. ಆ ಮಾತ್ರೆಯ ಬೆಲೆಯ ಕಥೆಯನ್ನು ಮಕ್ಕಳು ಕೇಳಬೇಕು. ತಿಂಗಳಿಗೆ 2,80,000 ರೂಪಾಯಿಗೂ ಮೇಲಿತ್ತು. 2012ರ ಮಾರ್ಚಿನಲ್ಲಿ ಭಾರತದ ಪೇಟೆಂಟ್ ಕಚೇರಿ ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಕಡ್ಡಾಯ ಪರವಾನಗಿ ಕೊಟ್ಟು, ಬೆಲೆ 8,880 ರೂಪಾಯಿ ಮೀರಬಾರದು ಎಂದಿತು. ಒಂದು ಕಾನೂನಿನ ಕಲಂ ಎಷ್ಟು ಮನೆ ಉಳಿಸಬಹುದು ನೋಡಿ. ನಿಮ್ಮಲ್ಲಿ ಯಾರಾದರೂ ಎಲ್‌ಎಲ್.ಬಿ. ಓದುತ್ತಿದ್ದರೆ ಈ ಪ್ರಕರಣ ಹುಡುಕಿ ಓದಿ.

ಈ ಮಾತೆಲ್ಲ ಆದ ಮೇಲೆ ನಮ್ಮ ಡಾಕ್ಟರ್ ಹುಡುಗಿ ಹೇಳಿದ್ದು: ಇವರಿಗೆ ಗಡ್ಡೆ ಎರಡೂ ಕಡೆ ಇದೆ, ಅಭಿಧಮನಿ ತೆರೆದಿದೆ, ಲಿವರ್ ಇನ್ನೂ ತಡೆಯುತ್ತದೆ. ಎಣ್ಣೆಯ ವಿಧಾನ ಸಾಕು, ಅದು ಸರ್ಕಾರಿ ಆಸ್ಪತ್ರೆಯಲ್ಲೇ ಆಗುತ್ತದೆ. ಮೊದಲ ಆಸ್ಪತ್ರೆ ಸುಳ್ಳು ಹೇಳಿತೆಂದು ನಾವು ಹೇಳುತ್ತಿಲ್ಲ. ಅವರು ಒಂದು ದಾರಿ ತೋರಿಸಿದರು. ಇನ್ನೊಂದು ದಾರಿ ಇದೆಯೇ ಎಂದು ಕೇಳದೆ ಇದ್ದವರು ನಾವು.

ನಿರ್ಧಾರ ಮಾಡಿದ್ದು ಆ ಮನುಷ್ಯನೇ. ಆಕೆ ಅವರ ಎದುರು ಕುಳಿತು ಸಮಾಧಾನವಾಗಿ ಹೇಳಿದಳು: ಇದರಿಂದ ರೋಗ ಹೋಗುವುದಿಲ್ಲ, ಸಮಯ ಸಿಗುತ್ತದೆ, ನೋವು ತಡವಾಗುತ್ತದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಹೆಂಡತಿಯ ಕಡೆ ತಿರುಗಿ, "ಹಾಗಾದರೆ ಹೊಲ ಮಾರಬೇಡಿ. ಹುಡುಗಿ ಓದಲಿ" ಎಂದರು. ನಾವು ಎದ್ದು ವರಾಂಡಕ್ಕೆ ಹೋದೆವು.

ಹೊಲಕ್ಕೆ ಮುಂಗಡ ಕೊಟ್ಟವರ ಮನೆಗೆ ನಾವೇ ಹೋಗಿ ಕುಳಿತೆವು. ಕರಾರು ಪತ್ರ ಆಗಿತ್ತು, ಬೇಕಿದ್ದರೆ ಅವರು ಹಟ ಹಿಡಿಯಬಹುದಿತ್ತು. ಅವರು ಕಾಫಿ ತರಿಸಿದರು. ಕೊಟ್ಟಷ್ಟು ಹಣವನ್ನೇ ವಾಪಸ್ ತೆಗೆದುಕೊಂಡು ಪತ್ರ ಹರಿದರು. ಒಂದು ರೂಪಾಯಿ ಹೆಚ್ಚು ಕೇಳಲಿಲ್ಲ. ಅವರು ನಮ್ಮ ಜಮಾತಿನವರಲ್ಲ, ಪಕ್ಕದ ಊರಿನ ರೈತರು.

ಎಣ್ಣೆ ವಿಧಾನ ಎರಡು ಸಲ ಆಯಿತು. ಪ್ರತಿ ಸಲವೂ ನಾಲ್ಕೈದು ದಿನ ಜ್ವರ, ಬಲಪಕ್ಕೆ ನೋವು, ವಾಕರಿಕೆ. ಇದು ಬಹಳ ಜನರಿಗೆ ಆಗುತ್ತದೆಂದು ಮೊದಲೇ ಹೇಳಿದ್ದರಿಂದ ಮನೆಯವರು ಹೆದರಲಿಲ್ಲ. ಒಂದು ತಿಂಗಳು ಕಳೆದು ಸ್ಕ್ಯಾನ್. ನಡುವೆ ಒಂದು ಸಂಶಯ ಬಂತು, ಕೇಳಲು ಸಂಕೋಚಪಟ್ಟು ಕೇಳಿದರು. ಬಾಗಿಲು ಮುಚ್ಚಲು ಬಳಸುವ ಜೆಲಾಟಿನ್ ಕಣಗಳು ಹಂದಿಯ ಚರ್ಮದಿಂದ ಬರುತ್ತವಂತೆ, ಹೌದೇ? ಕೆಲವು ಹೌದು. ಪಾಲಿವಿನೈಲ್ ಆಲ್ಕೊಹಾಲ್ ಎಂಬ ಪ್ಲಾಸ್ಟಿಕ್ಕಿನ ಜಾತಿಯ ಕಣಗಳೂ ಇವೆ. ಹೆಸರಿನಲ್ಲಿ ಆಲ್ಕೊಹಾಲ್ ಇದ್ದರೂ ಅದು ಮದ್ಯವಲ್ಲ. ಡಾಕ್ಟರರನ್ನು ನೇರವಾಗಿ ಕೇಳಬಹುದು, ಅವರು ಬೇಸರ ಮಾಡಿಕೊಳ್ಳುವುದಿಲ್ಲ. ನಮ್ಮ ಇಮಾಂ ಸಾಹೇಬರು, ಬೇರೆ ದಾರಿ ಇಲ್ಲದಾಗ ಚಿಕಿತ್ಸೆಗೆ ಅಡ್ಡಿಯಿಲ್ಲ ಎಂದು ಹೇಳಿ ಅವರ ಮನಸ್ಸು ಹಗುರ ಮಾಡಿದರು.

ಮೂರನೇ ಸಲಕ್ಕೆ ಹೋದಾಗ ಕಾಮಾಲೆ ಶುರುವಾಗಿತ್ತು. ಡಾಕ್ಟರರು ಬೇಡ ಎಂದರು. ಬೇಡ ಎನ್ನುವ ಡಾಕ್ಟರರ ಮೇಲೆ ಸಿಟ್ಟಾಗಬೇಡಿ, ಆ ಹೊತ್ತಿಗೆ ಅದೇ ಸರಿಯಾದ ವೈದ್ಯ. ಮೊದಲ ಚಿಕಿತ್ಸೆಯಿಂದ ಹದಿಮೂರು ತಿಂಗಳು ಅವರು ಇದ್ದರು. ಅದರಲ್ಲಿ ಏಳೆಂಟು ತಿಂಗಳು ತಾವೇ ನಡೆದು ಮಸೀದಿಗೆ ಬರುತ್ತಿದ್ದರು. ಮಗಳು ಬಿಳಿ ಸಮವಸ್ತ್ರದಲ್ಲಿ ಮೊದಲ ಸಲ ಮನೆಗೆ ಬಂದದ್ದನ್ನು ನೋಡಿದರು. ಮನೆಯಲ್ಲೇ ತೀರಿಕೊಂಡರು. ಕೊನೆಯ ವಾರಗಳ ನೋವಿಗೆ ಮಾರ್ಫಿನ್ ಮಾತ್ರೆ ಇತ್ತು. ಮನೆಯಲ್ಲಿ ನೋಡಿಕೊಳ್ಳಲು ಆಗದವರಿಗೆ ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ, ಹಣ ತೆಗೆದುಕೊಳ್ಳುವುದಿಲ್ಲ. ವಿಕಿರಣ ಮಣಿ ಹಾಕಿಸಿದ್ದರೆ ಇನ್ನೂ ಕೆಲವು ತಿಂಗಳು ಇರುತ್ತಿದ್ದರೇ? ಅವರ ಮಟ್ಟಿಗೆ ಅದನ್ನು ಯಾರೂ ಹೇಳಲಾರರು. ಪತ್ರ ಬರೆದ ದಾನಿಗಳಿಗೆ ನಾವು ಇದನ್ನು ಮರೆಮಾಚುವುದಿಲ್ಲ.

ಉಳಿದ ಹಣ ಪ್ರತ್ಯೇಕ ಖಾತೆಯಲ್ಲಿದೆ, ಈ ವರದಿಯ ಲೆಕ್ಕಪತ್ರದಲ್ಲಿ ಬೇರೆ ಸಾಲಿನಲ್ಲಿ ತೋರಿಸಿದೆ. ಒಬ್ಬರ ಹೆಸರಿನಲ್ಲಿ ಕೇಳಿದ್ದನ್ನು ಕೊಟ್ಟವರ ಒಪ್ಪಿಗೆಯಿಲ್ಲದೆ ಬೇರೆಯದಕ್ಕೆ ಮುಟ್ಟಿಲ್ಲ. ವಾಪಸ್ ಬೇಕೆನ್ನುವವರು ರಸೀದಿ ತೋರಿಸಿ ತೆಗೆದುಕೊಳ್ಳಬಹುದು. ಬಿಟ್ಟುಕೊಡುವವರಿದ್ದರೆ ಸಮಿತಿಯ ಆಲೋಚನೆ ಹೀಗಿದೆ. ಆ ಕುಟುಂಬವನ್ನು ನಿಜವಾಗಿ ಸೋಲಿಸುತ್ತಿದ್ದದ್ದು ಚಿಕಿತ್ಸೆಯ ಬಿಲ್ಲಲ್ಲ. ಗೌರಿಬಿದನೂರಿನಿಂದ ಬೆಳಗಿನ ರೈಲು, ಅಲ್ಲಿಂದ ಆಟೋ, ಜೊತೆಗೆ ಹೋದವರ ಊಟ, ರಾತ್ರಿ ಉಳಿಯುವ ಜಾಗ, ಹೊರಗೆ ಬರೆದುಕೊಟ್ಟ ಸ್ಕ್ಯಾನ್, ಕಳೆದ ಕೂಲಿ. ಈ ಖರ್ಚನ್ನು ನಾವು ಕೊಡೋಣ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಯಾವ ವಿಧಾನ ಅದರಲ್ಲಿ ಸೇರಿದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ದೊಡ್ಡ ಅಂದಾಜು ಪಟ್ಟಿ ತಂದವರು ಕಿದ್ವಾಯಿ ಸಂಸ್ಥೆಯಲ್ಲೋ ಬೇರೆ ಸರ್ಕಾರಿ ಆಸ್ಪತ್ರೆಯಲ್ಲೋ ಎರಡನೇ ಅಭಿಪ್ರಾಯ ಪಡೆದು ಬರಬೇಕು, ಹೋಗಿಬರುವ ಖರ್ಚು ನಮ್ಮದು. ವಿದ್ಯಾರ್ಥಿವೇತನದ ಹಣವನ್ನು ಚಿಕಿತ್ಸೆಗೆ ತಿರುಗಿಸಲು ಮಾತ್ರ ಇನ್ನು ಮುಂದೆ ಒಪ್ಪುವುದಿಲ್ಲ. ಕಾಲೇಜಿನ ಖಾತೆಗೆ ನೇರ ಹೋಗುತ್ತದೆ. ಕಟುವಾಗಿ ಕಂಡರೆ ಕ್ಷಮಿಸಿ.

ಈಗ ವೈರಸ್ಸಿನ ಮಾತು. ಹೆಪಟೈಟಿಸ್ ಬಿ ತಾಯಿಯಿಂದ ಹೆರಿಗೆಯಲ್ಲಿ ಮಗುವಿಗೆ, ರಕ್ತದಿಂದ, ಶುದ್ಧಮಾಡದ ಸೂಜಿಯಿಂದ, ಹಂಚಿಕೊಂಡ ಬ್ಲೇಡಿನಿಂದ, ಗಂಡ ಹೆಂಡಿರ ನಡುವೆ ಹರಡುತ್ತದೆ. ಒಂದೇ ತಟ್ಟೆಯಲ್ಲಿ ಊಟ ಮಾಡಿದರೆ, ಕೈ ಕುಲುಕಿದರೆ ಬರುವುದಿಲ್ಲ. ಹತ್ತಾರು ವರ್ಷ ಸದ್ದಿಲ್ಲದೆ ಇರುತ್ತದೆ. ಅವರ ಮನೆಯವರಿಗೆಲ್ಲ ಪರೀಕ್ಷೆ ಮಾಡಿಸಿದಾಗ ಇನ್ನಿಬ್ಬರಲ್ಲಿ ಸಿಕ್ಕಿತು. ಇಬ್ಬರಿಗೂ ಲಿವರ್ ಚೆನ್ನಾಗಿದೆ, ನಿಯಮಿತ ತಪಾಸಣೆಯಲ್ಲಿದ್ದಾರೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಲಸಿಕೆ ದೇಶದ ಎಲ್ಲ ರಾಜ್ಯಗಳ ಮಕ್ಕಳ ಪಟ್ಟಿಗೆ ಸೇರಿದ್ದು 2011ರಲ್ಲಿ. ಹಾಗಾಗಿ ಇಲ್ಲಿ ಕುಳಿತಿರುವ ದೊಡ್ಡ ಮಕ್ಕಳಲ್ಲಿ, ಅವರ ಅಪ್ಪ ಅಮ್ಮಂದಿರಲ್ಲಿ ಅನೇಕರಿಗೆ ಬಿದ್ದಿರಲಾರದು. ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಮೊದಲ ಡೋಸ್ ಹಾಕಿಸಬೇಕು. ಬಸುರಿ ಹೆಣ್ಣುಮಕ್ಕಳಿರುವ ಮನೆಯವರು ಇದನ್ನು ಬರೆದುಕೊಳ್ಳಿ.

ಇಂದು ಊಟದ ನಂತರ ಹಿಂದಿನ ಬಾಗಿಲ ಪಕ್ಕದ ಮೇಜಿನಲ್ಲಿ, ನಮ್ಮ ವಿದ್ಯಾರ್ಥಿವೇತನದಿಂದ ನರ್ಸಿಂಗ್ ಓದುತ್ತಿರುವ ಮೂವರು ಹುಡುಗಿಯರು ಕುಳಿತಿರುತ್ತಾರೆ. ಪರೀಕ್ಷೆ ಮಾಡಿಸಿಕೊಳ್ಳಲು ಇಷ್ಟವಿರುವವರ ಹೆಸರು ಅವರು ಬರೆದುಕೊಳ್ಳುತ್ತಾರೆ. ಫಲಿತಾಂಶ ನಿಮಗೆ ಬಿಟ್ಟು ಬೇರೆ ಯಾರಿಗೂ, ನಮಗೂ, ಹೇಳುವುದಿಲ್ಲ. ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ ಇದೆ. ರೇಷನ್ ಕಾರ್ಡಿನ ಜೆರಾಕ್ಸ್ ಮರೆತು ಬಂದವರು ಸೋಮವಾರ ಕಚೇರಿಗೆ ತಂದುಕೊಟ್ಟರೆ ಆಯಿತು.